ಹೊಯ್ಸಳ ರೂವಾರಿಗಳ ಸ್ಪರ್ಧೆ

ಬೇಲೂರಿನ ಚೆನ್ನಕೇಶವ ದೇವಾಲಯವು ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾದುದೆಂಬುದು ಸರ್ವವಿದಿತವಾಗಿದೆ. ಆದರೆ ಅಲ್ಲಿಯ ಮದನಿಕೆಗಳ ಪೀಠಗಳಲ್ಲಿ ಕಂಡರಿಸಿರುವ ಸಣ್ಣ ಬರಹಗಳ ಕಡೆಗೆ ನೋಡಬಂದವರ ದೃಷ್ಟಿ ಹರಿಯುವುದು ಅಪೂರ್ವ. ಅವು ರೂವಾರಿಗಳ, ಎಂದರೆ ವಿಗ್ರಹಗಳನ್ನು ಕಡೆದವರ, ಅಂಕಿತಗಳು. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಅವರಲ್ಲಿ ಪ್ರಮುಖರು. ಬಿರುದಾಂತ ರೂವಾರಿಗಳೆಂಬ ಮದನನಿಗೆ ತಾನು ಮಹೇಶನೆಂದು ಚಾವಣನು ಹೇಳಿಕೊಂಡಿರುವನು. ಎದುರಾಳಿಗಳನ್ನು ಉರಿಗಣ್ಣಿನಿಂದ ಸುಡುವ ಈ ಮಾತು ದಂಡನಾಯಕನದಲ್ಲ. ಉಳಿ ಹಿಡಿದು ಕೆಲಸಕ್ಕೆ ಕುಳಿತವನದು.

ಇದನ್ನು ಬರಿಯ ಗರ್ವವೆಂದು ತಳ್ಳಿಬಿಡಲಾಗದು. ವಾಕ್ಯಾರ್ಥಸಭೆಗಳನ್ನು ಕಂಡವರಿಗೆ ಈ ಧಾಟಿಯು ಹೊಸದಲ್ಲ. ವಾದೀಭಸಿಂಹನೆಂಬ ಬಿರುದನ್ನು ವಿದ್ವಾಂಸರು ಧರಿಸಿದ ನಾಡಿನಲ್ಲಿ ಶಿಲ್ಪಿಯೂ ಅದೇ ಭಾಷೆಯನ್ನು ಕಲಿತುದರಲ್ಲಿ ಆಶ್ಚರ್ಯವೇನು? ಅಲ್ಲದೆ ಬಳ್ಳಿಗಾವೆಯಿಂದ ಬೇಲೂರಿಗೆ ಕೆಲಸವನ್ನರಸಿ ಬಂದವನಿಗೆ ಕಲ್ಲಿನಲ್ಲಿ ನಿಂತ ಹೆಸರೇ ಮುಂದಿನ ಆಶ್ರಯಕ್ಕೆ ಸಾಕ್ಷಿಪತ್ರವಾಗಿದ್ದಿರಬೇಕೆಂದು ಊಹಿಸಬಹುದು. ಈ ಸ್ಪರ್ಧೆಯ ಫಲವು ಪ್ರತ್ಯಕ್ಷವಾಗಿದೆ. 42 ಮದನಿಕೆಗಳಲ್ಲಿ ಒಂದರ ಭಂಗಿಯನ್ನು ಮತ್ತೊಂದು ಹೋಲದು. ಸೋಮನಾಥಪುರದಲ್ಲಿ ಸುಮಾರು 40 ವಿಗ್ರಹಗಳ ಮೇಲೆ ಮಲ್ಲಿತಮ್ಮನ ಅಂಕಿತವಿದೆ. ಬಾಲೆಯ, ಚೌಡೆಯ, ಮಸಣಿತಮ್ಮ ಮೊದಲಾದವರ ಹೆಸರುಗಳೂ ಉಳಿದಿವೆ. ಅಂಕಿತದ ಈ ಹಂಬಲವಿಲ್ಲದಿದ್ದರೆ ಒಬ್ಬನ ಕೈವಾಡವನ್ನು ಇನ್ನೊಬ್ಬನದರಿಂದ ಬೇರ್ಪಡಿಸಲು ನಮಗೆ ಆಧಾರವೇ ಇರುತ್ತಿರಲಿಲ್ಲ.

ಆದರೆ ನಷ್ಟವೂ ಅದೇ ಕಲ್ಲಿನಲ್ಲಿದೆ. ಆಭರಣದ ಮೇಲೆ ಆಭರಣವನ್ನು ಹೇರಿ ಪಕ್ಕದವನನ್ನು ಮೀರಿಸಹೊರಟ ಕಡೆ ದೇಹದ ಸೌಷ್ಠವವು ಮರೆಯಾಗಿರುವುದುಂಟು. ಹಳೇಬೀಡಿನ ಕೆಲವು ವಿಗ್ರಹಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವಿದು, ಒಪ್ಪದವರೂ ಇರಬಹುದು. ಕಲ್ಲನ್ನು ಸೀಳಿ ಸಾಗಿಸಿದವರಿಗೂ ಉಜ್ಜಿ ನಯಗೊಳಿಸಿದವರಿಗೂ ಪೀಠದಲ್ಲಿ ಎಡೆಯಿಲ್ಲ.

ಶಾಸ್ತ್ರವು ಕಲ್ಪಿಸಿದ ಕ್ರಮವು ಬೇರೆ. ಮಯಮತದಲ್ಲಿ ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂಬ ನಾಲ್ವರು ಪರಸ್ಪರ ಆಶ್ರಿತರು. ಸೂತ್ರಗ್ರಾಹಿಯು ಸ್ಥಪತಿಯ ಮಗನೋ ಶಿಷ್ಯನೋ ಆಗಿರತಕ್ಕದ್ದು. ಸ್ಥಪತಿಯಾದವನು ಅಂಗಹೀನನಾಗಿರಬಾರದು, ಮಾತ್ಸರ್ಯವುಳ್ಳವನೂ ಆಗಿರಬಾರದು. ಈ ಎರಡು ನಿಷೇಧಗಳನ್ನು ಒಟ್ಟಿಗೆ ಓದಿದಾಗ ಜಕಣಾಚಾರಿಯ ಕಥೆಯು ನೆನಪಿಗೆ ಬಾರದಿರದು.

ಬೇಲೂರಿನ ವಿಗ್ರಹವೊಂದರ ಕಲ್ಲಿನಲ್ಲಿ ದೋಷವಿದೆಯೆಂದು ಡಂಕಣನೆಂಬ ತರುಣನು ನುಡಿದನಂತೆ. ಅದು ನಿಜವಾದರೆ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿಯು ಪಣ ತೊಟ್ಟನಂತೆ. ಗಂಧವನ್ನು ಲೇಪಿಸಿದಾಗ ಹೊಕ್ಕುಳ ಬಳಿಯಲ್ಲಿ ಮಾತ್ರ ಅದು ಒಣಗಲಿಲ್ಲ. ಉಳಿಯಿಟ್ಟೊಡನೆ ನೀರೂ ಕಪ್ಪೆಯೂ ಹೊರಬಂದವು. ಕೈ ಹೋದ ಮೇಲೆ, ಗೆದ್ದವನು ತನ್ನ ಮಗನೆಂದು ತಿಳಿಯಿತು. ಆ ಮೂರ್ತಿಯನ್ನು ಈಗಲೂ ಕಪ್ಪೆ ಚೆನ್ನಿಗರಾಯನೆಂದು ತೋರಿಸುತ್ತಾರೆ.

ಬೇಲೂರಿನ ರೂವಾರಿಗಳ ಅಂಕಿತಗಳಲ್ಲಿ ಜಕಣನ ಹೆಸರಿಲ್ಲ. ದಕ್ಷಿಣಾಚಾರ್ಯ ಶಬ್ದದ ಅಪಭ್ರಂಶವೇ ಆ ಹೆಸರಾಗಿರಬಹುದೆಂದು ಊಹಿಸಿದವರುಂಟು. ಆದುದರಿಂದ ಕಥೆಯನ್ನು ಇತಿವೃತ್ತವೆಂದು ಎಣಿಸಲಾಗದು, ಎಸೆಯಲೂ ಆಗದು. ಬಿರುದುಗಳು ಗೆದ್ದವರ ದಾಖಲೆಗಳು. ಸೋತವನು ಪೀಠದಲ್ಲಿ ಏನನ್ನೂ ಕಂಡರಿಸನು. ಅವನ ನೋವಿಗೆ ಜನರ ಬಾಯಿಯೇ ಶಾಸನವಾಯಿತೆಂದು ನಮಗೆ ತೋರುತ್ತದೆ. ವಿಶೇಷವೇನೆಂದರೆ, ಶಾಸನಸಿದ್ಧರಾದ ತಂದೆಮಕ್ಕಳು, ದಾಸೋಜನೂ ಚಾವಣನೂ, ಒಂದೇ ಗುಡಿಯಲ್ಲಿ ತಮ್ಮ ತಮ್ಮ ಹೆಸರನ್ನು ಬರೆದು ಉಳಿದಿರುವರು. ಚಾವಣನ ಬಿರುದು ಸುಡುವ ರೂವಾರಿಗಳಲ್ಲಿ ತಂದೆಯೂ ಸೇರಿದನೆ? ಮಗನು ಅದನ್ನು ಯೋಚಿಸಿದಂತೆ ಕಾಣದು.

ಜನರಾದರೋ ಕಥೆಯನ್ನು ಕತ್ತರಿಸಿದ ಕೈಗೇ ನಿಲ್ಲಿಸಲಿಲ್ಲ. ತಂದೆಯು ಕ್ರೀಡಾಪುರದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಲು ಕೈಯು ಮರಳಿ ಬಂದಿತೆಂದೂ, ತುಮಕೂರಿನ ಸಮೀಪದ ಆ ಊರಿಗೆ ಕೈದಾಳವೆಂಬ ಹೆಸರಾದುದು ಅದರಿಂದಲೇ ಎಂದೂ ಹೇಳುತ್ತಾರೆ.