ಜೊಲ್ಲಿನ ಕಥೆ

ಎಳೆಗೂಸಿನ ಜೊಲ್ಲನ್ನು ಕಂಡು ಮುಖ ಸಿಂಡರಿಸುವವರು ನಮ್ಮಲ್ಲಿ ವಿರಳ. ಹಲ್ಲು ಬರುವ ಸೂಚನೆಯೆಂದು ಅಜ್ಜಿಯರು ಸಂತೋಷಪಡುತ್ತಾರೆ. ಎತ್ತಿಕೊಂಡವರ ಹೆಗಲು ತೊಯ್ದರೆ ಅದೂ ಒಂದು ಭಾಗ್ಯವೆಂದೇ ಲೆಕ್ಕ. ಅದೇ ಜೊಲ್ಲು ಹತ್ತು ವರ್ಷದ ಹುಡುಗನ ಗಲ್ಲದಿಂದ ಇಳಿಯಿತೆಂದರೆ ನಮ್ಮ ನೋಟವೂ ನಮ್ಮ ಭಾಷೆಯೂ ಒಮ್ಮೆಲೇ ಬದಲಾಗುತ್ತವೆ. ಒಳ್ಳೆಯ ಊಟದ ನೆನಪಾದರೆ ‘ಬಾಯಲ್ಲಿ ನೀರೂರಿತು’ ಎಂದು ಮರ್ಯಾದೆಯಿಂದ ಹೇಳುವ ಕನ್ನಡ, ಕೀಳು ಆಸೆಯನ್ನು ಹಳಿಯುವಾಗ ‘ಜೊಲ್ಲು ಸುರಿಸಿದ’ ಎನ್ನುತ್ತದೆ. ನೀರು ಒಂದೇ, ಹೆಸರು ಎರಡು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಈ ಭೇದವನ್ನು ಕಂಡುಕೊಂಡದ್ದು ನಿಘಂಟಿನಿಂದಲ್ಲ. ಯಲಹಂಕದಲ್ಲಿರುವ ನನ್ನ ಅಕ್ಕನ ಮಗನಿಂದ.

ಹುಟ್ಟುವ ಹೊತ್ತಿನಲ್ಲೇ ಅವನ ಮಿದುಳಿಗೆ ಪೆಟ್ಟು ತಗಲಿತು. ವೈದ್ಯರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಕೈಕಾಲು ಬಿಗಿ, ಮಾತು ತೊದಲು. ಕಿವಿ ಬಹು ಚುರುಕು, ನಗೆ ಧಾರಾಳ. ಜೊಲ್ಲು ಮಾತ್ರ ಹಗಲೆಲ್ಲ ಇಳಿಯುತ್ತಿದ್ದಿತು. ಅಕ್ಕ ದಿನಕ್ಕೆ ಹತ್ತು ಹನ್ನೆರಡು ಸಲ ಅವನ ಎದೆಯ ಬಟ್ಟೆ ಬದಲಾಯಿಸುವಳು. ಒಂದು ಭಾನುವಾರ ಅವರ ಮನೆಯಲ್ಲಿ ಕುಳಿತು ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ಹುಡುಗ ಅಕ್ಕರೆಯಿಂದ ಬಂದು ಗಲ್ಲವನ್ನು ನನ್ನ ಪುಸ್ತಕದ ಮೇಲೆ ಊರಿದ. ಶಾಯಿ ಹರಡಿತು. ನಾನು ಪುಸ್ತಕವನ್ನು ಸರ್ರನೆ ಎಳೆದುಕೊಂಡು ಕರವಸ್ತ್ರದಿಂದ ಒರೆಸತೊಡಗಿದೆ. ಅವನ ಮುಖ ಬಾಡಿದ್ದನ್ನು ನಾನು ನೋಡಲಿಲ್ಲ, ಅಕ್ಕ ನೋಡಿದಳು. “ಅವನದೇನು ತಪ್ಪಿದೆ ಕಣೋ? ಬೇರೆಯವರಿಗಿಂತ ಹೆಚ್ಚಾಗಿ ಊರುತ್ತೆ ಅಂತಲ್ಲ. ಅವನಿಗೆ ನುಂಗೋಕೆ ಬರಲ್ಲ, ಅಷ್ಟೆ” ಎಂದಳು.

ನಾಚಿಕೆಯಾಯಿತು. ಪುಸ್ತಕದ ಹುಳುವಿಗೆ ನಾಚಿಕೆಯಾದರೆ ಪುಸ್ತಕವನ್ನೇ ಹುಡುಕುತ್ತದೆ. ಹಾಗೆ ಓದತೊಡಗಿದ ನನಗೆ, ಅಕ್ಕ ಒಂದು ಉಸಿರಿನಲ್ಲಿ ಹೇಳಿದ್ದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತೆಂಬುದು ಗೊತ್ತಾಯಿತು.

ಯಲಹಂಕ, ಹೆಬ್ಬಾಳಗಳ ಹಳೆಯ ರೈತರಿಗೆ ಇದನ್ನು ವಿವರಿಸುವುದು ಸುಲಭ. ಕೆರೆ ಕೋಡಿ ಹರಿದರೆ ಮಳೆ ಹೆಚ್ಚಾಯಿತೆಂದೇ ಭಾವಿಸಬೇಕಾಗಿಲ್ಲ. ತೂಬು ಕಟ್ಟಿಕೊಂಡಿದ್ದರೂ ಕೋಡಿ ಹರಿಯುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇರುವ ಮೂರು ಜೊತೆ ಗ್ರಂಥಿಗಳು ದೊಡ್ಡವರ ಬಾಯಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ನೀರನ್ನು ಒದಗಿಸುತ್ತವೆ. ನಾವು ಅರಿಯದೆಯೇ ಅದನ್ನು ನುಂಗುತ್ತಿರುತ್ತೇವೆ. ತುಟಿ ಮುಚ್ಚಬೇಕು, ನಾಲಗೆ ನೀರನ್ನು ಹಿಂದಕ್ಕೆ ತಳ್ಳಬೇಕು, ಗಂಟಲು ಸಮಯಕ್ಕೆ ಸರಿಯಾಗಿ ತೆರೆಯಬೇಕು. ಮಿದುಳಿನ ಅಪ್ಪಣೆ ತಡವಾದರೆ ಬಾಯಿಯೆಂಬ ಕೆರೆ ತುಂಬಿ ತುಟಿಯ ಮೇಲೆ ಹರಿಯುತ್ತದೆ. ಎರಡು ವರ್ಷದವರೆಗೆ ಇದು ಎಲ್ಲ ಮಕ್ಕಳಲ್ಲೂ ಸಹಜ. ನಾಲ್ಕು ದಾಟಿದ ಮೇಲೂ ನಿಲ್ಲದಿದ್ದರೆ ವಿಚಾರಿಸತಕ್ಕದ್ದು. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಈ ತೊಂದರೆಯುಂಟು.

ಆದರೆ ವಿಜ್ಞಾನ ಮೊದಲು ನೋಡಿದ್ದು ತೂಬನ್ನಲ್ಲ, ಒರತೆಯನ್ನು. ಇಂಥ ಮಕ್ಕಳ ಬಿಗಿದ ಕೈಕಾಲುಗಳನ್ನು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1843ರ ಉಪನ್ಯಾಸಗಳಲ್ಲಿ ವರ್ಣಿಸಿದ. 1889ರಲ್ಲಿ ವಿಲಿಯಂ ಆಸ್ಲರ್ ಈ ವಿಷಯದ ಮೇಲೊಂದು ಗ್ರಂಥವನ್ನೇ ಬರೆದ. ಅದೇ ಕಾಲದಲ್ಲಿ, ಬೇರೊಂದು ದಾರಿಯಲ್ಲಿ, ಜೊಲ್ಲಿನ ಶಾಸ್ತ್ರವೂ ಬೆಳೆಯುತ್ತಿದ್ದಿತು. ನರವನ್ನು ಕೆಣಕಿದರೆ ಗ್ರಂಥಿ ಒಸರುತ್ತದೆಂದು 1851ರಲ್ಲಿ ಕಾರ್ಲ್ ಲುಡ್ವಿಗ್ ತೋರಿಸಿದ. ಪಾವ್ಲಾವ್ ನಾಯಿಯ ಕೆನ್ನೆಯಿಂದ ನಾಳವನ್ನು ಹೊರಕ್ಕೆ ತಂದು ಹನಿಹನಿಯನ್ನು ಎಣಿಸಿದ. ನಾಯಿಯ ಜೊಲ್ಲಿಗೆ ದೊರೆತ ಈ ಗಮನ ಮಗುವಿನ ಜೊಲ್ಲಿಗೆ ದೊರೆಯಲು ಇನ್ನೂ ಬಹುಕಾಲ ಬೇಕಾಯಿತು.

ಒರತೆಯನ್ನು ಬತ್ತಿಸುವ ಮದ್ದು ಮಾತ್ರ ಬಹು ಹಳೆಯದು. ನಮ್ಮ ಬೇಲಿಬದಿಯ ದತ್ತೂರಿಯಲ್ಲಿ ಅದು ಉಂಟು. ಇದರ ಹೂವನ್ನು ಶಿವನಿಗೆ ಏರಿಸುತ್ತೇವೆ. ಹಿಂದೆ ದಾರಿಗಳ್ಳರು ಇದರ ಬೀಜವನ್ನು ಪ್ರಯಾಣಿಕರ ಅನ್ನದಲ್ಲಿ ಬೆರೆಸುತ್ತಿದ್ದರು. ತಿಂದವನ ಬಾಯಿ ಒಣಗುವುದು, ಮತಿ ಕೆಡುವುದು, ಕೆಲವೊಮ್ಮೆ ಪ್ರಾಣವೇ ಹೋಗುವುದು. ಇದರ ಸೋದರ ಸಸ್ಯವಾದ ಬೆಲಡೋನಾದಿಂದ ಜರ್ಮನಿಯ ರಸಾಯನಜ್ಞರು 1833ರ ಹೊತ್ತಿಗೆ ಅಟ್ರೋಪಿನ್ ಎಂಬ ಸಾರವನ್ನು ಬೇರ್ಪಡಿಸಿದ್ದರು. 1872ರಲ್ಲಿ ಹೈಡನ್‌ಹೈನ್, ಅಟ್ರೋಪಿನ್ ಕೊಟ್ಟರೆ ನರವನ್ನು ಕೆಣಕಿದರೂ ಜೊಲ್ಲು ಬಾರದೆಂದು ತೋರಿಸಿದ. ಇದೇ ಬಗೆಯ ಕೆಲಸ ಮಾಡುವ ಗ್ಲೈಕೋಪೈರೋಲೇಟ್ ಎಂಬ ಮದ್ದಿನ ದ್ರಾವಣಕ್ಕೆ ಅಮೆರಿಕದಲ್ಲಿ, ಇಂಥ ಮಕ್ಕಳ ಜೊಲ್ಲಿಗೆಂದೇ, 2010ರಲ್ಲಿ ಅನುಮತಿ ದೊರೆಯಿತು. ಗುಣವುಂಟು, ಜೊತೆಗೆ ಮಲಬದ್ಧತೆ, ಮೂತ್ರದ ತಡೆ, ಬೆವರು ಕಡಮೆಯಾಗಿ ಮೈ ಕಾಯುವುದು, ಮಗು ಸಿಡುಕಾಗುವುದು ಇವೂ ಉಂಟು. ವೈದ್ಯರು ಅಳೆದು ಕೊಡಬೇಕಾದ ಮದ್ದಿದು. ದತ್ತೂರಿಯನ್ನಂತೂ ಮನೆಯಲ್ಲಿ ಯಾರೂ ಮುಟ್ಟಬಾರದು.

ಶಸ್ತ್ರವೈದ್ಯರು ಕಾಲುವೆಯನ್ನೇ ತಿರುಗಿಸಲು ಹೊರಟರು. ಕೆನಡಾದ ಟಿ. ಎಫ್. ವಿಲ್ಕಿ 1967ರಲ್ಲಿ, ಕಿವಿಯ ಮುಂದಿನ ಗ್ರಂಥಿಗಳ ನಾಳವನ್ನು ಗಂಟಲಿನ ಕಡೆಗೆ ಹೊರಳಿಸುವ ಕ್ರಮವನ್ನು ಪ್ರಕಟಿಸಿದ. ಮುಂದೆ ದವಡೆಯ ಕೆಳಗಿನ ಗ್ರಂಥಿಗಳಿಗೂ ಇಂಥ ಕ್ರಮ ಬಂದಿತು. ಜಾಣ ಉಪಾಯವೇ ಸರಿ. ಆದರೆ ಗಂಟಲೇ ಸರಿಯಾಗಿ ನುಂಗದ ಮಗುವಿಗೆ ನೀರನ್ನು ಹಿಂದಕ್ಕೆ ಹರಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯ. ಬಾಯಿ ತೀರ ಒಣಗಿದರೆ ಹಲ್ಲು ಹುಳುಕಾಗುವ ಭಯ ಬೇರೆ. ಜೊಲ್ಲು ವ್ಯರ್ಥವಲ್ಲ, ಹಲ್ಲಿನ ಕಾವಲುಗಾರನೆಂಬುದು ಹೀಗೆ ಮತ್ತೊಮ್ಮೆ ನೆನಪಾಯಿತು.

ಈ ಚರಿತ್ರೆಯಲ್ಲಿ ಒಬ್ಬ ಕವಿಯೂ ಇದ್ದಾನೆಂದು ತಿಳಿದಾಗ ನನಗೆ ಸಂತೋಷವಾಯಿತು. ಜರ್ಮನಿಯ ಯುಸ್ಟಿನುಸ್ ಕೆರ್ನರ್ ವೃತ್ತಿಯಿಂದ ವೈದ್ಯ. ಕೆಟ್ಟ ಮಾಂಸದ ತಿನಿಸು ತಿಂದು ಸತ್ತವರ ಲಕ್ಷಣಗಳನ್ನು 1820 ಮತ್ತು 1822ರ ಪುಸ್ತಕಗಳಲ್ಲಿ ಬರೆದಿಟ್ಟ. ತಾನೇ ಆ ವಿಷವನ್ನು ರುಚಿ ನೋಡಿದ. ಅದು ಸ್ನಾಯುಗಳನ್ನು ಕುಗ್ಗಿಸುವುದಲ್ಲದೆ ಬಾಯಿಯನ್ನೂ ಒಣಗಿಸುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಇದೇ ಔಷಧವಾಗಬಹುದು ಎಂದು ಊಹಿಸಿದ. ಬೋಟುಲಿನಮ್ ಎಂದು ಈಗ ಕರೆಯುವ ಆ ವಿಷವನ್ನು ಮೆಳ್ಳಗಣ್ಣಿಗೆ ಬಳಸಿದ ಫಲವನ್ನು ಅಮೆರಿಕದ ಆಲನ್ ಸ್ಕಾಟ್ 1980ರಲ್ಲಿ ಪ್ರಕಟಿಸಿದ. 2001ರಿಂದ ನೆದರ್ಲೆಂಡ್ಸಿನ ವೈದ್ಯರು ಅದನ್ನು ಸೆರೆಬ್ರಲ್ ಪಾಲ್ಸಿಯ ಮಕ್ಕಳ ಜೊಲ್ಲಿನ ಗ್ರಂಥಿಗಳಿಗೆ ಚುಚ್ಚಿ ಫಲ ಕಂಡರು. ಕೆಲವು ತಿಂಗಳು ಒರತೆ ತಗ್ಗುತ್ತದೆ, ಮತ್ತೆ ಚುಚ್ಚಬೇಕಾಗುತ್ತದೆ. ಇಂಥ ಮದ್ದೊಂದಕ್ಕೆ, ಮಕ್ಕಳ ಜೊಲ್ಲಿಗಾಗಿ, ಅಮೆರಿಕದಲ್ಲಿ ಅನುಮತಿ ಬಂದದ್ದು 2020ರಲ್ಲಿ.

ಇಷ್ಟೆಲ್ಲ ಆಗುವ ಹೊತ್ತಿಗೆ ಕೆಲವರು ಮಕ್ಕಳ ಜೊಲ್ಲನ್ನು ಅಳೆದೇ ನೋಡಿದ್ದರು. ಈ ಮಕ್ಕಳ ಬಾಯಲ್ಲಿ ಇತರ ಮಕ್ಕಳಿಗಿಂತ ಹೆಚ್ಚು ನೀರು ಊರುವುದಿಲ್ಲವೆಂದು ಕಂಡುಬಂದಿತು. ಅಕ್ಕ ಹೇಳಿದ್ದೇ ನಿಜವಾಯಿತು!

ಹಾಗಾದರೆ ತೂಬಿನ ಕಡೆ ನೋಡಬೇಕು. ತಲೆ ಮುಂದಕ್ಕೆ ಬಾಗದಂತೆ ಮಗುವನ್ನು ಕೂರಿಸುವುದು, ತುಟಿ ಮುಚ್ಚುವ ಅಭ್ಯಾಸ, ಕೊಳವೆಯಿಂದ ಹೀರುವ ಅಭ್ಯಾಸ, ‘ನುಂಗು’ ಎಂದು ಮತ್ತೆಮತ್ತೆ ನೆನಪಿಸುವುದು, ಹಲ್ಲಿನ ಆರೈಕೆ. ಮೂರ್ಛೆಯ ರೋಗಕ್ಕೆ ಕೊಡುವ ಕೆಲವು ಮಾತ್ರೆಗಳು ಜೊಲ್ಲನ್ನು ಹೆಚ್ಚಿಸುವುದರಿಂದ ಆ ವಿಚಾರಣೆ. ಇದು ಮುಖ್ಯವಾಗಿ ವಾಕ್‌ಚಿಕಿತ್ಸಕರ ಕೆಲಸ. ತಾಯಂದಿರ ಕೆಲಸವಂತೂ ಹೌದೇ ಹೌದು. ನಮ್ಮ ನಾಡಿನಲ್ಲಿ ಇದಕ್ಕೆ ನೆಲೆ ಸಿದ್ಧವಾದದ್ದು ಮೆಲ್ಲಮೆಲ್ಲಗೆ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್. 1980ರಲ್ಲಿ ಇಂಥ ಮಕ್ಕಳಿಗಾಗಿಯೇ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಲೆಕ್ಕಕ್ಕೆ ಹಿಡಿದಿದೆ. ಆದರೆ ಯಲಹಂಕದಿಂದ ಯಶವಂತಪುರಕ್ಕೆ ಬರುವ ಬಸ್ಸಿನಲ್ಲಿ ಹುಡುಗನ ಪಕ್ಕದವರು ಸೆರಗು ಒಟ್ಟಿಕೊಂಡು ಎದ್ದು ಹೋಗುವುದನ್ನು ಯಾವ ಕಾಯಿದೆಯೂ ತಡೆಯಲಾರದು. ಅದಕ್ಕೆ ಮದ್ದು ಹುಡುಗನಿಗೆ ಬೇಕಾದುದಲ್ಲ.

ಎರಡು ವರ್ಷದ ಅಭ್ಯಾಸದಿಂದ ಹನ್ನೆರಡು ಬಟ್ಟೆ ಐದಕ್ಕೆ ಇಳಿದಿವೆ. ಪೂರ್ತಿ ನಿಂತಿಲ್ಲ; ನಿಲ್ಲುವುದೂ ಇಲ್ಲವೇನೋ. ಮೊನ್ನೆ ಹೊರಟಾಗ ಹುಡುಗ ಬಾಗಿಲಲ್ಲಿ ನನ್ನ ಹೆಗಲಿಗೆ ಮುಖ ಒತ್ತಿದ. ಕರವಸ್ತ್ರ ಜೇಬಿನಲ್ಲೇ ಇದ್ದಿತು. “ನುಂಗಪ್ಪಾ” ಎಂದೆ. ಹಟದಿಂದ ತುಟಿ ಕೂಡಿಸಿ ನುಂಗಿ, ಗೆದ್ದವನಂತೆ ನಕ್ಕ. ನಕ್ಕಾಗ ಮತ್ತೆ ಇಳಿಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಯಶವಂತಪುರ ಬರುವ ಹೊತ್ತಿಗೆ ತೊಯ್ದ ಹೆಗಲು ಗಾಳಿಗೆ ಒಣಗಿದ್ದಿತು.