ಬೊಕ್ಕತಲೆಯ ಔಷಧಿ ಬಂದ ಬಳಸುದಾರಿ

ಕೂದಲು ಉದುರೋಕೆ ಶುರುವಾದ್ರೆ ನಮ್ಮ ಕುದೂರಿನಲ್ಲಿ ಗರುಗದ ಸೊಪ್ಪಿನ ಎಣ್ಣೆ ಹಚ್ಚು ಅಂತಾರೆ. ಬೆಂಗಳೂರಿಗೆ ಕೆಲಸಕ್ಕೆ ಹೋದವನಾದ್ರೆ "ಎಲ್ಲಾ ಅಲ್ಲಿನ ನೀರು" ಅನ್ನೋ ತೀರ್ಪು. ಹೆಣ್ಣು ನೋಡೋ ಕಾಲಕ್ಕಂತೂ ಹಣೆಯ ಅಗಲದ್ದೇ ಚರ್ಚೆ :-)

ಪಾಪ, ನೀರಿನ ಮೇಲಿನ ಈ ಆರೋಪ 1942ರಲ್ಲೇ ಬಿದ್ದುಹೋಗಬೇಕಿತ್ತು. ಪ್ರಾಯಕ್ಕೆ ಬರುವ ಮುನ್ನ ವೃಷಣ ಕಳೆದುಕೊಂಡವರಿಗೆ ಬೊಕ್ಕತಲೆ ಬರುವುದಿಲ್ಲ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಆ ವರ್ಷ ತೋರಿಸಿದರು. ಅಂಥವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆ ಇದ್ದವರ ಕೂದಲು ಉದುರಿತು. ಅಂದರೆ ಹಾರ್ಮೋನು ಮತ್ತು ವಂಶ, ಎರಡೂ ಸೇರಬೇಕು.

ತಮಾಷೆ ಅಂದ್ರೆ, ಇದಕ್ಕಿರುವ ಎರಡು ಮುಖ್ಯ ಔಷಧಿಗಳೂ ಮೊದಲು ಬಂದಿದ್ದು ಬೇರೆ ಕಾಯಿಲೆಗೆ. ಮಿನಾಕ್ಸಿಡಿಲ್ 1979ರಲ್ಲಿ ಅಮೆರಿಕದಲ್ಲಿ ಬಿ.ಪಿ. ಮಾತ್ರೆಯಾಗಿ ಬಂತು. ನುಂಗಿದ ಅನೇಕರಿಗೆ ಮೈಮೇಲೆ ಕೂದಲು! 1988ರಲ್ಲಿ ಅದೇ ತಲೆಗೆ ಹಚ್ಚುವ ದ್ರಾವಣವಾಯಿತು.

ಫಿನಾಸ್ಟರೈಡಿನ ಸುಳಿವು ಸಿಕ್ಕಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ. ಹುಟ್ಟುವಾಗ ಹೆಣ್ಣಿನಂತೆ ಕಂಡು, ಪ್ರಾಯದಲ್ಲಿ ಗಂಡಾಗುತ್ತಿದ್ದ ಮಕ್ಕಳ ಬಗ್ಗೆ ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ತಂಡ 1974ರಲ್ಲಿ ವರದಿ ಮಾಡಿತು. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ಹಾರ್ಮೋನಾಗಿಸುವ ಕಿಣ್ವ ಇವರಲ್ಲಿ ಕಡಿಮೆ. ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಚಿಕ್ಕದು, ಹಣೆಯಂಚಿನ ಕೂದಲು ಹಿಂದೆ ಸರಿಯದು. ಆ ಕಿಣ್ವವನ್ನು ತಡೆಯುವ ಮಾತ್ರೆ 1992ರಲ್ಲಿ ಪ್ರಾಸ್ಟೇಟಿಗೆ 5 ಮಿ.ಗ್ರಾಂ. ಆಗಿ ಬಂತು, 1997ರಲ್ಲಿ ಕೂದಲಿಗೆ 1 ಮಿ.ಗ್ರಾಂ. ಆಗಿ.

ಬಳಸೋದು ನಿಲ್ಲಿಸಿದರೆ ಉಳಿಸಿಕೊಂಡ ಕೂದಲು ತಿಂಗಳುಗಳಲ್ಲಿ ಹೋಗುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆಯೂ ಉಂಟು. ಹಾಗಾಗಿ ಮದುವೆ ಆಲ್ಬಮ್ಮಿಗೆ ಅಂತ ನುಂಗೋ ಮುನ್ನ ಚರ್ಮದ ಡಾಕ್ಟರನ್ನು ಒಂದು ಮಾತು ಕೇಳಿ: ಇದು ಎಷ್ಟು ವರ್ಷದ ಸಂಬಂಧ ಅಂತ. ನೀವೇನಂತೀರಿ?