ಫ್ಲಾಟ್ ಸಂಘದ ಮಂಡಳಿ ಲೆಕ್ಕ ಕೊಡ್ತಿಲ್ವಾ? ಮಾಲೀಕರೇ ಬದಲಿಸಬಹುದು: ಇಲ್ಲಿದೆ ಮಾಹಿತಿ

ಹಳ್ಳಿಖೇಡ (ಬಿ): ಷೇರು, ಸಂಘ, ಆಡಳಿತ ಮಂಡಳಿ ಅನ್ನೋ ಮಾತು ಈ ಭಾಗದ ಮಂದಿಗೆ ಹೊಸದಲ್ಲ. ಹಳ್ಳಿಖೇಡ ಅಂದ ಕೂಡಲೇ ಬೀದರ್ ಸಹಕಾರ ಸಕ್ಕರೆ ಕಾರ್ಖಾನೆ (ಬಿಎಸ್‌ಎಸ್‌ಕೆ) ನೆನಪಾಗುತ್ತದೆ. ಷೇರು ಹಾಕಿದ ರೈತನೇ ಮಾಲೀಕ, ನಿರ್ದೇಶಕರು ಅವನ ಮತದಿಂದ ಕುಳಿತವರು ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಆದರೆ ಅದೇ ಮನೆಯ ಮಕ್ಕಳು ಬೀದರ್, ಕಲಬುರಗಿ, ಬೆಂಗಳೂರಿನಲ್ಲಿ ಸಾಲ ಮಾಡಿ ಫ್ಲಾಟ್ ತಗೊಂಡ ಮೇಲೆ, ಅಲ್ಲಿನ ಸಂಘಕ್ಕೂ ತಾವೇ ಮಾಲೀಕರು ಅನ್ನೋದನ್ನು ಮರೆತು ಬಿಡುತ್ತಾರೆ.

ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಕಟ್ಟಬೇಕು. ಲಿಫ್ಟ್ ಕೆಟ್ಟು ನಿಂತಿರುತ್ತದೆ, ಬೋರ್‌ವೆಲ್ ಮೋಟಾರ್ ಸುಟ್ಟಿರುತ್ತದೆ. ಲೆಕ್ಕ ಕೇಳಿದರೆ ಉತ್ತರ ಇಲ್ಲ, ಜೋರಾಗಿ ಕೇಳಿದರೆ ವಾಟ್ಸ್‌ಆ್ಯಪ್ ಗುಂಪಿನಿಂದಲೇ ಹೊರಗೆ. ಇಂಥ ಮಂಡಳಿಯನ್ನು ಜಗಳದಿಂದ ಇಳಿಸಲು ಆಗುವುದಿಲ್ಲ. ಸಹಿ, ಸದಸ್ಯರ ಪಟ್ಟಿ ಮತ್ತು ಸರಿಯಾದ ನೋಟಿಸ್‌ನಿಂದ ಮಾತ್ರ ಆಗುತ್ತದೆ.

ಮೊದಲು ನೋಂದಣಿ ಪತ್ರ ನೋಡಬೇಕು

ಸಂಘ ಯಾವ ಕಾಯ್ದೆಯಡಿ ಇದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ.

1. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972: ವಾಸದ ಫ್ಲಾಟ್‌ಗಳಿಗೆ ಇರುವ ಕಾಯ್ದೆ ಇದು. ಮಂಡಳಿಯನ್ನು ಮಾಲೀಕರೊಳಗಿಂದಲೇ ಆರಿಸಬೇಕು, ಪ್ರತಿ ವರ್ಷ ಕನಿಷ್ಠ ಮೂರನೇ ಒಂದು ಭಾಗದ ಸದಸ್ಯರ ಅವಧಿ ಮುಗಿಯಬೇಕು, ಮಂಡಳಿ ಸದಸ್ಯರನ್ನು ತೆಗೆಯುವ ವಿಧಾನ ಬೈಲಾದಲ್ಲೇ ಇರಬೇಕು ಎಂದು 16ನೇ ಕಲಂ ಹೇಳುತ್ತದೆ. ಅಂದರೆ ಹತ್ತು ವರ್ಷ ಅದೇ ಮಂದಿ ಚುನಾವಣೆ ಇಲ್ಲದೆ ಕುಳಿತಿದ್ದರೆ ಅದು ಕಾಯ್ದೆಗೆ ವಿರುದ್ಧ.

2. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959: ಸಕ್ಕರೆ ಕಾರ್ಖಾನೆ, ಪಿಕೆಪಿಎಸ್‌ಗಳಿಗೆ ಇರುವ ಕಾಯ್ದೆಯೇ ಇದು. ಮಂಡಳಿಯ ಅವಧಿ ಐದು ವರ್ಷ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಹಾಕಿ ಕೇಳಿದರೆ 64ನೇ ಕಲಂ ಅಡಿ ಸಂಘದ ವಿಚಾರಣೆ ನಡೆಸಲು ಅವಕಾಶ ಇದೆ.

3. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960: ಯುವಕ ಸಂಘ, ಶಿಕ್ಷಣ ಸಂಸ್ಥೆಗಳು ನೋಂದಣಿಯಾಗುವ ಕಾಯ್ದೆ. ಹಳೆಯ ಎಷ್ಟೋ ಫ್ಲಾಟ್ ಸಂಘಗಳೂ ಇದರಡಿ ಇವೆ. ಫ್ಲಾಟ್ ಮಾಲೀಕರ ಸಂಘಕ್ಕೆ ಈ ಕಾಯ್ದೆ ಸರಿಹೊಂದದು ಎಂದು ರಾಜ್ಯ ಹೈಕೋರ್ಟ್ ಹೇಳಿದೆ. ಆದರೂ ನೋಂದಣಿ ಇರುವ ತನಕ ವಾರ್ಷಿಕ ಸಭೆ ನಡೆಸುವುದು, ಮಂಡಳಿಯ ಪಟ್ಟಿಯನ್ನು ನಿಬಂಧಕರಿಗೆ ಸಲ್ಲಿಸುವುದು ತಪ್ಪುವುದಿಲ್ಲ. ಇಲ್ಲಿಯೂ ಮೂರನೇ ಒಂದು ಭಾಗ ಸದಸ್ಯರ ಅರ್ಜಿ ಮೇಲೆ 25ನೇ ಕಲಂ ಅಡಿ ವಿಚಾರಣೆ ಇದೆ.

ಮತದ ಲೆಕ್ಕ ಒಂದೇ ಥರ ಇಲ್ಲ

ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ. 1972ರ ಕಾಯ್ದೆಯಲ್ಲಿ ಹಾಗಲ್ಲ. ನೋಂದಾಯಿತ ಘೋಷಣಾ ಪತ್ರದಲ್ಲಿ ಪ್ರತಿ ಫ್ಲಾಟ್‌ಗೆ ಶೇಕಡಾವಾರು ಮತ ಬರೆದಿರುತ್ತಾರೆ. ಅದರ ಪ್ರಕಾರ ಶೇ 51ರಷ್ಟು ಮತ ಇದ್ದರೆ ಬಹುಮತ. ಇಪ್ಪತ್ತು ಸಣ್ಣ ಫ್ಲಾಟ್‌ನವರು ಒಂದಾದರೂ ಹತ್ತು ದೊಡ್ಡ ಫ್ಲಾಟ್‌ನವರ ಮುಂದೆ ಸೋಲಬಹುದು. ಆದ್ದರಿಂದ ತಲೆ ಎಣಿಸುವ ಮುಂಚೆ ಘೋಷಣಾ ಪತ್ರ ತೆಗೆದು ನೋಡಬೇಕು.

ಮತ ಇರುವುದು ಕ್ರಯಪತ್ರದಲ್ಲಿ ಹೆಸರಿದ್ದವರಿಗೆ, ಬಾಡಿಗೆದಾರರಿಗಲ್ಲ. ಫ್ಲಾಟ್ ಅಪ್ಪನ ಹೆಸರಲ್ಲಿದ್ದು ಮಗ ಅಲ್ಲಿ ವಾಸ ಇದ್ದರೆ, ಮಗನ ಸಹಿ ನಡೆಯದೆ ಹೋಗಬಹುದು. ಅಪ್ಪ ಹಳ್ಳಿಖೇಡದಲ್ಲೇ ಇದ್ದರೆ ಅವರ ಪರ ಪ್ರತಿನಿಧಿ ಮತ ಹಾಕಬಹುದೇ ಎಂಬುದನ್ನು ಬೈಲಾದಲ್ಲಿ ನೋಡಿಕೊಳ್ಳಬೇಕು.

ಹೆಜ್ಜೆ ಹೆಜ್ಜೆಯಾಗಿ ಹೀಗೆ

• ಬೈಲಾ, ಸದಸ್ಯರ ಪಟ್ಟಿ, ಕಳೆದ ವರ್ಷಗಳ ಆಡಿಟ್ ವರದಿ ಕೇಳಿ ಲಿಖಿತ ಅರ್ಜಿ ಕೊಡಬೇಕು. ಸ್ವೀಕೃತಿ ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟ್.

• ಉತ್ತರ ಬರದಿದ್ದರೆ ವಿಶೇಷ ಸಭೆ ಕರೆಯಲು ಮನವಿ. ಎಷ್ಟು ಸಹಿ ಬೇಕು ಎಂದು ಬೈಲಾ ಹೇಳುತ್ತದೆ. ಪ್ರತಿ ಸಹಿಯ ಎದುರು ಫ್ಲಾಟ್ ಸಂಖ್ಯೆ, ತಾರೀಖು ಇರಲಿ.

• ನೋಟಿಸ್‌ನಲ್ಲಿ ವಿಷಯ ಸ್ಪಷ್ಟವಾಗಿ ಬರೆಯಬೇಕು. ‘ಮಂಡಳಿ ಸದಸ್ಯರನ್ನು ತೆಗೆದು ಹೊಸಬರ ಆಯ್ಕೆ’ ಎಂದು ಬರೆಯದೆ ಸಭೆಯಲ್ಲಿ ದಿಢೀರ್ ಠರಾವು ಮಾಡಿದರೆ ಅದು ನಿಲ್ಲುವುದು ಕಷ್ಟ.

• ಸಭೆಯಲ್ಲಿ ಕೋರಂ, ಹಾಜರಿ ಸಹಿ, ಮತದ ಎಣಿಕೆ ಎಲ್ಲ ಠರಾವು ಪುಸ್ತಕದಲ್ಲಿ ದಾಖಲಾಗಬೇಕು. ಸಹಕಾರ ಸಂಘವಾದರೆ ಚುನಾವಣೆಯನ್ನು ರಾಜ್ಯ ಸಹಕಾರ ಚುನಾವಣಾ ಪ್ರಾಧಿಕಾರದ ನಿಯಮದಂತೆ ನಡೆಸಬೇಕು.

• ಮಂಡಳಿ ಸಭೆಯನ್ನೇ ಕರೆಯದಿದ್ದರೆ, 1959 ಮತ್ತು 1960ರ ಕಾಯ್ದೆಯ ಸಂಘಗಳ ದೂರು ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ. 1972ರ ಕಾಯ್ದೆಯ ಸಂಘಗಳ ಜಗಳ ಹೆಚ್ಚಾಗಿ ಸಿವಿಲ್ ಕೋರ್ಟ್ ಮೆಟ್ಟಿಲೇರುತ್ತದೆ.

ಸಿಟ್ಟಿನಲ್ಲಿ ಮಾಡುವ ತಪ್ಪು

‘ಲೆಕ್ಕ ಕೊಡೋ ತನಕ ರೊಕ್ಕ ಕೊಡಲ್ಲ’ ಎಂದು ಶುಲ್ಕ ನಿಲ್ಲಿಸುವವರು ಬಹಳ. ಬಾಕಿದಾರರಿಗೆ ಮತ ಇಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಷರತ್ತು ಎಷ್ಟೋ ಬೈಲಾಗಳಲ್ಲಿದೆ. ಮತದ ದಿನ ಪ್ರಶ್ನೆ ಕೇಳಿದವರೇ ಪಟ್ಟಿಯಿಂದ ಹೊರಗುಳಿದರೆ ಹಳೆ ಮಂಡಳಿ ನಿರಾಯಾಸವಾಗಿ ಗೆಲ್ಲುತ್ತದೆ. ತಕರಾರು ಇದೆ ಎಂದು ಬರೆದುಕೊಟ್ಟು, ಹಣ ಕಟ್ಟಿ, ರಸೀದಿ ಇಟ್ಟುಕೊಳ್ಳುವುದೇ ಜಾಣತನ.

ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ

ವ್ಯಾಪಾರಿಗಳು ಗಮನಿಸಬೇಕಾದ ಮಾತು ಇದು. ವಾಣಿಜ್ಯ ಮಳಿಗೆಗಳೂ ಸೇರಿರುವ ಕಟ್ಟಡಕ್ಕೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ ಸಹಕಾರ ಸಂಘದಂಥ ವ್ಯವಸ್ಥೆ ಬೇಕು ಎಂದು ಹೈಕೋರ್ಟ್ ತೀರ್ಪಿದೆ. ಅಂಗಡಿಯವರು ಸಂಘದ ಸದಸ್ಯರಾಗಿದ್ದರೆ ಅವರಿಗೂ ಮತ ಉಂಟು.

ಬಿಲ್ಡರ್ ಕೈಯಲ್ಲೇ ಇದ್ದರೆ

ಕೆಲವು ಕಡೆ ಸಂಘವೇ ಇರುವುದಿಲ್ಲ, ಬಿಲ್ಡರ್‌ನ ಮಂದಿಯೇ ವಸೂಲಿ ಮಾಡುತ್ತಾರೆ. ಬೇರೆ ಸ್ಥಳೀಯ ಕಾಯ್ದೆ ಇಲ್ಲದ ಕಡೆ, ಹೆಚ್ಚಿನ ಫ್ಲಾಟ್‌ಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಯಾಗಬೇಕು ಎಂದು 2016ರ ರೇರಾ ಕಾಯ್ದೆ ಹೇಳುತ್ತದೆ. ಸಂಘ ರಚನೆಯಲ್ಲಿ ಭಾಗವಹಿಸುವುದು ಖರೀದಿದಾರನ ಕರ್ತವ್ಯ ಎಂದೂ ಅದರ 19ನೇ ಕಲಂನಲ್ಲಿದೆ. ದೂರಿದ್ದರೆ ರೇರಾ ಪ್ರಾಧಿಕಾರಕ್ಕೆ ಹೋಗಬಹುದು.

ಗೆದ್ದ ಮೇಲೆ

ಬ್ಯಾಂಕ್ ಖಾತೆಯ ಸಹಿ ಬದಲಾಗದಿದ್ದರೆ ಅಧಿಕಾರ ಇನ್ನೂ ಹಳಬರ ಕೈಯಲ್ಲೇ. ಠರಾವಿನ ದೃಢೀಕೃತ ಪ್ರತಿ ಬ್ಯಾಂಕಿಗೆ ಕೊಡಬೇಕು. ಲೆಕ್ಕ ಪುಸ್ತಕ, ಬಿಲ್, ಲಿಫ್ಟ್ ಮತ್ತು ಜನರೇಟರ್ ಕರಾರು, ಕಟ್ಟಡದ ನಕ್ಷೆ, ಕೀಲಿ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿ ಪಡೆಯಬೇಕು. ಹಳೆ ಲೆಕ್ಕದ ಆಡಿಟ್ ಮುಗಿಯುವ ತನಕ ಯಾರನ್ನೂ ಕಳ್ಳ ಅಂತ ಕರೆಯುವಂತಿಲ್ಲ.

ಹೈದರಾಬಾದ್, ಪುಣೆ, ಸೋಲಾಪುರದಲ್ಲಿ ಫ್ಲಾಟ್ ಇದ್ದವರಿಗೆ ಆಯಾ ರಾಜ್ಯದ ಕಾಯ್ದೆ ಅನ್ವಯಿಸುತ್ತದೆ. ಕಲಂ ಬೇರೆ ಇದ್ದರೂ ಮೊದಲ ಕೆಲಸ ಎಲ್ಲ ಕಡೆ ಒಂದೇ: ಬೈಲಾ ಓದುವುದು. ಹೊಸ ಮಂಡಳಿ ಬಂತು ಅಂತ ಮನೆಯಲ್ಲಿ ಕುಳಿತರೆ ಅದೂ ಹಳೆಯದರ ಹಾಗೇ ಆಗುತ್ತದೆ. ವರ್ಷಕ್ಕೊಮ್ಮೆ ಮಹಾಸಭೆಗೆ ಹೋಗಿ ಲೆಕ್ಕ ಕೇಳುವುದು ಮಾಲೀಕನ ಕೆಲಸ.